ಕಬ್ಬಿನ ರವದಿ, ಬ್ಯಾಟರಿಯ ಹೊಗೆ

ಹೊಗೆ ಎಲ್ಲಿಂದ?

ವಿದ್ಯುತ್ ಸ್ಕೂಟರ್ ರಸ್ತೆಯಲ್ಲಿ ಹೊಗೆ ಉಗುಳುವುದಿಲ್ಲ. ಅದರ ಪಾಲಿನ ಹೊಗೆಯಲ್ಲಿ ಒಂದಷ್ಟು ಬ್ಯಾಟರಿ ತಯಾರಾಗುವಾಗಲೇ ಎಲ್ಲೋ ಚಿಮಣಿಯಿಂದ ಹೊರಬಿದ್ದಿರುತ್ತದೆ. ಒಂದು ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಲಿಥಿಯಂ ಅಯಾನ್ ಬ್ಯಾಟರಿಗೆ 61ರಿಂದ 106 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಬೀಳುತ್ತದೆಂದು ಸ್ವೀಡನ್ನಿನ ಐವಿಎಲ್ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿತು. ಈ ಅಂತರಕ್ಕೆ ದೊಡ್ಡ ಕಾರಣ ಕಾರ್ಖಾನೆಯ ಕರೆಂಟು ಕಲ್ಲಿದ್ದಲಿನದೋ, ಗಾಳಿ-ಬಿಸಿಲಿನದೋ ಎಂಬುದು. ಎಲೆಕ್ಟ್ರೋಡಿನ ಲೇಪನ ಒಣಗಿಸುವುದಕ್ಕೆ, ಕೋಣೆಯಲ್ಲಿ ತೇವ ಸುಳಿಯದಂತೆ ಕಾಯುವುದಕ್ಕೆ ಕರೆಂಟು ಧಾರಾಳವಾಗಿ ಬೇಕು. ಲಿಥಿಯಂ ಅಯಾನುಗಳಿಗೆ ಜಾಗ ಕೊಡುವ ಕೃತಕ ಗ್ರಾಫೈಟ್ ತಯಾರಿಸಲು ಹೆಚ್ಚುಕಡಿಮೆ 3,000 ಡಿಗ್ರಿ ಸೆಲ್ಸಿಯಸ್ ಶಾಖ ಹಿಡಿಯುತ್ತದೆ.

ಸಿಪ್ಪೆಯಿಂದ ಹಾರ್ಡ್ ಕಾರ್ಬನ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಲಿಥಿಯಂ ಇಲ್ಲ, ಕಬ್ಬು ಇದೆ. ಕಬ್ಬಿಗೆ ನಂಟು ಬೆಳೆಯುವುದು ಸೋಡಿಯಂ ಅಯಾನ್ ಬ್ಯಾಟರಿಯೊಂದಿಗೆ. ಸೋಡಿಯಂ ಗ್ರಾಫೈಟಿನ ಪದರಗಳೊಳಗೆ ಸಲೀಸಾಗಿ ನುಸುಳುವುದಿಲ್ಲ. ಅಡ್ಡಾದಿಡ್ಡಿ ಪದರಗಳ ‘ಹಾರ್ಡ್ ಕಾರ್ಬನ್’ ಆದರೆ ಜಾಗ ಕೊಡುತ್ತದೆ. ಕಬ್ಬಿನ ಸಿಪ್ಪೆಯನ್ನು ತೊಳೆದು, ಗಾಳಿ ತಗಲದಂತೆ 1,000ದಿಂದ 1,500 ಡಿಗ್ರಿವರೆಗೆ ಕಾಯಿಸಿ ಇದನ್ನು ತಯಾರಿಸಬಹುದೆಂದು ಪ್ರಯೋಗಾಲಯಗಳು ತೋರಿಸಿವೆ. ತೊಳೆಯುವ ಕೆಲಸವೇ ಕಿರಿಕಿರಿ: ಸಿಲಿಕಾದಂಥ ಬೂದಿಯ ಅಂಶ ಉಳಿದರೆ ಕಾರ್ಬನ್ನಿನ ಗುಣ ಕೆಡುತ್ತದೆ. ಈ ಬ್ಯಾಟರಿಯಲ್ಲಿ ತಾಮ್ರದ ಹಾಳೆಯ ಬದಲು ಅಲ್ಯೂಮಿನಿಯಂ ಸಾಕು. ಆದರೆ ಅಷ್ಟೇ ಕರೆಂಟು ಹಿಡಿಯಲು ತೂಕ ಜಾಸ್ತಿಯಾಗುತ್ತದೆ.

ಸಿಪ್ಪೆ ಕಸವಲ್ಲ

ನನ್ನ ತಕರಾರು ಇಲ್ಲಿದೆ. ನೂರು ಟನ್ ಕಬ್ಬು ಅರೆದರೆ ಸುಮಾರು 30 ಟನ್ ಹಸಿ ಸಿಪ್ಪೆ ಬರುತ್ತದೆ. ಅದು ಬಿದ್ದಿರುವುದಿಲ್ಲ, ಕಾರ್ಖಾನೆಯ ಬಾಯ್ಲರಿಗೆ ಹೋಗಿ ಉಗಿ, ಕರೆಂಟು ಆಗುತ್ತದೆ. ಅದನ್ನು ಬ್ಯಾಟರಿಗೆ ಕಳಿಸಿ, ಬಾಯ್ಲರಿಗೆ ಕಲ್ಲಿದ್ದಲು ಹಾಕಿದರೆ ಉಳಿದದ್ದೇನು?

ರವದಿಯ, ಅಂದರೆ ಕಬ್ಬಿನ ಒಣ ಎಲೆಗಳ, ಮಾತು ಬೇರೆ. ಕಟಾವಾದ ಹೊಲಕ್ಕೆ ಸಂಜೆ ಬೆಂಕಿ ಬಿದ್ದರೆ, ಬೆಳಿಗ್ಗೆ ಮಾಳಿಗೆ ಮೇಲೆ ಒಣಹಾಕಿದ ಧೋತರದ ತುಂಬ ಕರಿ ಎಳೆಗಳು. ಒರೆಸಿದರೆ ಮಸಿ ಬಳಿದಂತೆ, ಝಾಡಿಸಿಯೇ ತೆಗೆಯಬೇಕು. ಹೇಗೂ ಸುಡುವ ರವದಿಯನ್ನು ಕಾರ್ಬನ್ನಿಗೆ ಬಳಸಿದರೆ ಹೊಗೆಯ ಲೆಕ್ಕ ಹಗುರಾಗಬಹುದು. ಆದರೆ ರವದಿ ತೂಗುವುದು ಕಡಿಮೆ, ಹಿಡಿಯುವ ಜಾಗ ಹೆಚ್ಚು. ಒತ್ತಿ ಪೆಂಡಿ ಕಟ್ಟದೆ ಸಾಗಿಸಿದರೆ ಟ್ರ್ಯಾಕ್ಟರಿನ ಡೀಸೆಲ್ಲೇ ಲಾಭ ನುಂಗುತ್ತದೆ. ಕುಳೆ ಕಬ್ಬಿನ ಸಾಲಿನಲ್ಲಿ ಹೊದಿಸುವ ರೈತನಿಗೆ ಅದು ಗೊಬ್ಬರ, ತೇವದ ಕಾವಲು. ಅವನ ಹೊಲದ್ದು ಅಲ್ಲೇ ಇರಲಿ.

ಹಳೆಯದರ ದಾರಿ

ಹೊಗೆ ತಗ್ಗಿಸಲು ಸದ್ಯಕ್ಕೆ ಕೈಗೆಟಕುವುದು ಹಳೆಯ ಬ್ಯಾಟರಿಯ ಮರುಬಳಕೆ. ಇನ್ವರ್ಟರ್ ಬ್ಯಾಟರಿಯ ಸೀಸವನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದು, ಅದಿರಿನಿಂದ ತೆಗೆಯುವುದಕ್ಕಿಂತ ಕಡಿಮೆ ಶಕ್ತಿ ಸಾಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಗುಜರಿಗೆ ಹಾಕುವ ಮುನ್ನ ಆ್ಯಸಿಡ್ ಗಟಾರಕ್ಕೆ ಸುರಿದುಬಿಟ್ಟರೆ ಸೀಸದ ಕೆಸರು ಓಣಿಯಲ್ಲೇ ಉಳಿಯುತ್ತದೆ. ಹೊಸದು ಕೊಳ್ಳುವಾಗ ಹಳೆಯದನ್ನು ಆ್ಯಸಿಡ್ ಸಮೇತ ಅಂಗಡಿಗೇ ಕೊಟ್ಟು ಬೆಲೆ ಮುರಿಸಿಕೊಳ್ಳಬಹುದು.