ಭಯಾನಕ ಚಿತ್ರದ ಒಳದನಿ

ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಆದರೆ ಅಮೆರಿಕದ ಕೊಲೆಗಡುಕ ಚಿತ್ರಗಳಲ್ಲಿ ರಸವನ್ನು ಅರಸುವುದೇ? ಅದರಲ್ಲೂ ಹಣದಾಸೆಗೆ ಬೆನ್ನುಬೆನ್ನಿಗೆ ತೆಗೆದ ಉತ್ತರಭಾಗಗಳಲ್ಲಿ? ವಾಚಕರು ಹುಬ್ಬೇರಿಸಬಹುದು. ಅಂಥ ಒಂದು ಚಿತ್ರದ ಇತಿಹಾಸವನ್ನು ಕೇಳಿ, ಆಮೇಲೆ ತಾವೇ ತೀರ್ಮಾನಿಸಿರಿ.

1984ರಲ್ಲಿ ವೆಸ್ ಕ್ರೇವನ್ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಎಂಬ ಚಿತ್ರವನ್ನು ತೆಗೆದರು. ಬೆರಳುಗಳಿಗೆ ಅಲಗು ತೊಟ್ಟ ಫ್ರೆಡ್ಡಿ ಕ್ರೂಗರ್ ಎಂಬ ಪ್ರೇತವು ಎಳೆಯರ ಕನಸಿಗೆ ನುಗ್ಗಿ ಕೊಲ್ಲುವುದು ಅದರ ವಸ್ತು. ಚಿತ್ರ ಗೆದ್ದಿತು; ಮರುವರ್ಷವೇ ಜ್ಯಾಕ್ ಶೋಲ್ಡರ್ ಅವರ ನಿರ್ದೇಶನದಲ್ಲಿ ಎರಡನೆಯ ಭಾಗ ಬಂದಿತು. ಇಂಥ ಚಿತ್ರಗಳಲ್ಲಿ ಕೊನೆಗುಳಿದು ಕೊಲೆಗಾರನನ್ನು ಎದುರಿಸುವವಳು ಸಾಮಾನ್ಯವಾಗಿ ಒಬ್ಬ ಹುಡುಗಿ. ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಅವಳನ್ನು ‘ಫೈನಲ್ ಗರ್ಲ್’ ಎಂದು ಕರೆದರು. ಈ ಭಾಗದಲ್ಲಾದರೋ ಆ ಸ್ಥಾನಕ್ಕೆ ಜೆಸ್ಸಿ ಎಂಬ ಹುಡುಗ ಬಂದ. ಫ್ರೆಡ್ಡಿ ಅವನನ್ನು ಅಟ್ಟಿಸಿಕೊಂಡು ಬರುವುದಷ್ಟೇ ಅಲ್ಲ, ಅವನ ಒಳಹೊಕ್ಕು ಅವನ ಮೈಯಿಂದಲೇ ಹೊರಬರಲು ಹವಣಿಸುತ್ತಾನೆ. ಜೆಸ್ಸಿ ಗೆಳತಿ ಲೀಸಾಳ ಬಳಿಯಿಂದ ಓಡಿ, ಗೆಳೆಯನ ಕೋಣೆಯಲ್ಲಿ ಆಸರೆ ಬೇಡುತ್ತಾನೆ. ತನ್ನೊಳಗಿನದಕ್ಕೆ ತಾನೇ ಅಂಜುವ ಈ ಹುಡುಗನಲ್ಲಿ, ಸಲಿಂಗಪ್ರೇಮವನ್ನು ಮುಚ್ಚಿಟ್ಟು ಬಾಳುವವನ ತಳಮಳ ಹಲವರಿಗೆ ಕಂಡಿತು. ಕೊನೆಗೆ ಹುಡುಗಿಯ ಮುತ್ತಿನಿಂದ ಪ್ರೇತ ಸೋಲುತ್ತದೆ. ಒಲವನ್ನೇ ರೋಗವೆಂದು ಎಣಿಸಿದಂತಾಯಿತಲ್ಲವೇ ಎಂಬ ಆಕ್ಷೇಪಕ್ಕೂ ಅಲ್ಲಿ ಎಡೆಯುಂಟು.

ಕಾಲವನ್ನು ಗಮನಿಸಿರಿ. ಅಮೆರಿಕದಲ್ಲಿ ಏಡ್ಸ್ ರೋಗದ ಮೊದಲ ವರದಿ ಪ್ರಕಟವಾದದ್ದು 1981ರಲ್ಲಿ. ಪ್ರಸಿದ್ಧ ನಟ ರಾಕ್ ಹಡ್ಸನ್ ಅದಕ್ಕೆ ಬಲಿಯಾದದ್ದು 1985ರ ಅಕ್ಟೋಬರ್ 2ರಂದು. ಈ ಚಿತ್ರ ತೆರೆಕಂಡದ್ದು ಅದೇ ನವೆಂಬರ್ 1ರಂದು. ರೋಗದ ಭಯವು ಸಲಿಂಗಪ್ರೇಮಿಗಳ ಮೇಲಣ ಹಗೆಯಾಗಿ ತಿರುಗಿದ್ದ ದಿನಗಳವು. ಜೆಸ್ಸಿಯ ಪಾತ್ರಧಾರಿ ಮಾರ್ಕ್ ಪ್ಯಾಟನ್ ಸ್ವತಃ ಸಲಿಂಗಪ್ರೇಮಿ. ಅದನ್ನು ಚಿತ್ರರಂಗದಲ್ಲಿ ಮರೆಮಾಡಿಕೊಂಡಿದ್ದವರು.

ಚಿತ್ರದ ಈ ಒಳದನಿಯ ಮಾತೆದ್ದಾಗ, ಕಥೆ ಬರೆದ ಡೇವಿಡ್ ಚಾಸ್ಕಿನ್ ಬಹುಕಾಲ ಅದನ್ನು ಒಪ್ಪಲಿಲ್ಲ. ನಟನ ಅಭಿನಯದಿಂದ ಹಾಗೆ ತೋರಿತೆಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪ್ಯಾಟನ್ ಚಿತ್ರರಂಗವನ್ನೇ ತೊರೆದರು. 2010ರ ‘ನೆವರ್ ಸ್ಲೀಪ್ ಅಗೇನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಚಾಸ್ಕಿನ್, ಆ ಧ್ವನಿ ತಾವೇ ಬರೆದದ್ದೆಂದು ಒಪ್ಪಿದರು. 2019ರ ‘ಸ್ಕ್ರೀಮ್, ಕ್ವೀನ್!’ ಸಾಕ್ಷ್ಯಚಿತ್ರದಲ್ಲಿ ಪ್ಯಾಟನ್ ತಮ್ಮ ಕಥೆಯನ್ನು ಹೇಳಿಕೊಂಡರು. ಚಾಸ್ಕಿನ್ನರ ಎದುರು ಕುಳಿತು ಮಾತನಾಡಿದರು. ಒಂದು ಕಾಲಕ್ಕೆ ನಗೆಗೀಡಾದ ಜೆಸ್ಸಿಯನ್ನು ಸಲಿಂಗಪ್ರೇಮಿ ಪ್ರೇಕ್ಷಕರಲ್ಲಿ ಅನೇಕರು ಈಗ ತಮ್ಮವನೆಂದು ಬಗೆಯುತ್ತಾರೆ.

ಕಾವ್ಯದ ಆತ್ಮ ಧ್ವನಿಯೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಸಾರಿದನು. ಅದನ್ನು ತರಗತಿಯಲ್ಲಿ ಬೋಧಿಸುವಾಗ ನಾನು ಧ್ವನಿಯ ಸೊಗಸನ್ನು ಹೇಳಿದೆನೇ ಹೊರತು, ಅದರ ಹೊಣೆ ಯಾರದೆಂದು ಕೇಳಲಿಲ್ಲ. ಬರೆದವರು ಕೈತೊಳೆದುಕೊಂಡರೆ ಭಾರವೆಲ್ಲ ವೇಷ ಕಟ್ಟಿದವನ ತಲೆಗೆ. ಇನ್ನು ಮುಂದೆ ಆ ಪಾಠಕ್ಕೆ ಈ ಮಾತನ್ನೂ ಸೇರಿಸಿ ಹೇಳಬೇಕೆಂದಿದ್ದೇನೆ.