ಪೆನ್ ಡ್ರೈವ್ ಸತ್ತ ಮೇಲೆ: ಕುಂದಲಹಳ್ಳಿ ಗೇಟಿನ ಕಡೆಯ ಒಂದು ಕಸುಬಿನ ಕಥೆ

"ನಿನ್ನೆ ರಾತ್ರಿವರೆಗೂ ಸರಿಯಾಗೇ ಇತ್ತು ಸಾರ್, ಬೆಳಿಗ್ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡು ಅಂತಿದೆ." ಕಂಪ್ಯೂಟರ್ ರಿಪೇರಿ ಅಂಗಡಿಗಳ ಗಲ್ಲಾದ ಮುಂದೆ ವರ್ಷಗಳಿಂದ ಕೇಳಿಬರುತ್ತಿರುವ ಮಾತಿದು. ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ, ಎಇಸಿಎಸ್ ಬಡಾವಣೆಯಿಂದ ಕುಂದಲಹಳ್ಳಿ ಗೇಟಿನವರೆಗೆ, ಅಂಥ ಅಂಗಡಿಗಳಿಗೆ ಬರವಿಲ್ಲ. ಬಂದವರ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಪೆನ್ ಡ್ರೈವ್. ಅದರೊಳಗೆ ಮಗುವಿನ ನಾಮಕರಣದ ಫೋಟೋ, ಕಾಲೇಜಿನ ಪ್ರಾಜೆಕ್ಟ್ ವರದಿ, ಮನೆಯ ಕ್ರಯಪತ್ರದ ಸ್ಕ್ಯಾನ್. ಕೆಲಸ ಬಲ್ಲ ಅಂಗಡಿಯವನು ಮೊದಲು ಕೇಳುವ ಪ್ರಶ್ನೆ ಒಂದೇ: "ಫಾರ್ಮ್ಯಾಟ್ ಕೊಟ್ರಾ?" ಆ ಪ್ರಶ್ನೆಯ ಹಿಂದೆ ನಲವತ್ತು ವರ್ಷಗಳ ಇತಿಹಾಸವಿದೆ.

ಕಳೆದ ಕಡತವನ್ನು ಮರಳಿ ತರುವ ಕಸುಬು ಪೆನ್ ಡ್ರೈವ್‌ಗಿಂತ ಹಳೆಯದು. ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ಫ್ಯಾಟ್ ಎಂಬ ಪಟ್ಟಿಯ ಕ್ರಮವನ್ನು ರೂಪಿಸಿದರು. ಯಾವ ಕಡತ ಡಿಸ್ಕಿನ ಯಾವ ಯಾವ ತುಂಡುಗಳಲ್ಲಿದೆ ಎಂದು ಬರೆದಿಡುವ ಲೆಕ್ಕಪುಸ್ತಕ ಅದು. ಕಡತವನ್ನು ಅಳಿಸಿದಾಗ ಈ ಪದ್ಧತಿ ಮಾಡುವ ಕೆಲಸ ತೀರ ಕಡಿಮೆ: ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಆ ತುಂಡುಗಳು ಖಾಲಿ ಎಂದು ಪಟ್ಟಿಯಲ್ಲಿ ಬರೆಯುತ್ತದೆ. ಒಳಗಿನ ಬರಹ ಇದ್ದಲ್ಲೇ ಇರುತ್ತದೆ. ಪಹಣಿ ಹರಿದುಹೋದರೆ ಹೊಲವೇನೂ ಮಾಯವಾಗುವುದಿಲ್ಲವಲ್ಲ, ಹಾಗೆ. ಈ ಗುಟ್ಟನ್ನು ಹಿಡಿದು ಪೀಟರ್ ನಾರ್ಟನ್ 1982ರಲ್ಲಿ ತಮ್ಮ ಉಪಕರಣಗಳ ಸರಕಿನಲ್ಲಿ 'ಅನ್‌ಇರೇಸ್' ಎಂಬ ಪ್ರೋಗ್ರಾಮ್ ಮಾರಿದರು. 1991ರ ಡಾಸ್ 5ರಲ್ಲಿ 'ಅನ್‌ಡಿಲೀಟ್' ಆದೇಶವೇ ಬಂತು. ಹೆಸರಿನ ಮೊದಲ ಅಕ್ಷರ ಯಾವುದಿತ್ತೆಂದು ಅದು ಬಳಕೆದಾರರನ್ನೇ ಕೇಳುತ್ತಿತ್ತು.

ಫಾರ್ಮ್ಯಾಟ್ ಪ್ರಶ್ನೆಗೂ ಇಲ್ಲೇ ಉತ್ತರ. 'ಕ್ವಿಕ್ ಫಾರ್ಮ್ಯಾಟ್' ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ವಿಂಡೋಸ್ ವಿಸ್ತಾ ಬಂದ ಮೇಲಿನ ಪೂರ್ತಿ ಫಾರ್ಮ್ಯಾಟ್ ಹಾಗಲ್ಲ, ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಒಂದು ಟಿಕ್ ಗುರುತಿನ ಮೇಲೆ ಒಂದು ಮನೆಯ ಹತ್ತು ವರ್ಷದ ಫೋಟೋಗಳು ನಿಂತಿರಬಹುದು.

ಬೆಂಗಳೂರಿನ ಪೂರ್ವದಂಚಿಗೆ ಪೆನ್ ಡ್ರೈವ್ ಬಂದ ಹೊತ್ತಿಗೆ ಇಲ್ಲಿ ಊರೇ ಬದಲಾಗುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರದಲ್ಲಿ ಕಚೇರಿ ತೆರೆದಿತ್ತು. 1994ರಲ್ಲಿ ಭಾರತ ಮತ್ತು ಸಿಂಗಾಪುರದ ಜಂಟಿ ಯೋಜನೆಯಾಗಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್ ಹುಟ್ಟಿತು. ಪಕ್ಕದಲ್ಲೇ ರಫ್ತು ಕೈಗಾರಿಕಾ ಪ್ರದೇಶ ಬೆಳೆಯಿತು. ಕುಂದಲಹಳ್ಳಿಯ ಸುತ್ತಲ ಹೊಲಗಳು ಬಡಾವಣೆಗಳಾದವು. ಎಇಸಿಎಸ್ ಅಂದರೆ ವಿಮಾನ ಕಾರ್ಖಾನೆ ನೌಕರರ ಸಹಕಾರ ಸಂಘ. ಆ ಹೆಸರಿನ ಬಡಾವಣೆಯಲ್ಲೇ ಈಗ ಸಾಫ್ಟ್‌ವೇರ್ ಕೆಲಸದವರು ತುಂಬಿದ್ದಾರೆ.

ಪೆನ್ ಡ್ರೈವ್‌ನ ಹುಟ್ಟಿಗೂ ಸಿಂಗಾಪುರದ ನಂಟಿದೆ. ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿಯ ಅಮೀರ್ ಬಾನ್, ಡೋವ್ ಮೋರಾನ್, ಒರೋನ್ ಒಗ್ದಾನ್ ಇದರ ಪೇಟೆಂಟ್‌ಗೆ 1999ರ ಏಪ್ರಿಲ್‌ನಲ್ಲಿ ಅರ್ಜಿ ಹಾಕಿದ್ದರು. ಸಿಂಗಾಪುರದ ಟ್ರೆಕ್ 2000 ಕಂಪನಿ 2000ದಲ್ಲಿ ಜರ್ಮನಿಯ ಸೆಬಿಟ್ ಮೇಳದಲ್ಲಿ 'ಥಂಬ್‌ಡ್ರೈವ್' ತೋರಿಸಿತು. ಅದೇ ವರ್ಷದ ಕೊನೆಗೆ ಐಬಿಎಂ ಅಮೆರಿಕದಲ್ಲಿ ಎಂ-ಸಿಸ್ಟಮ್ಸ್‌ನ 8 ಎಂಬಿಯ 'ಡಿಸ್ಕ್ ಆನ್ ಕೀ' ಮಾರತೊಡಗಿತು. 1.44 ಎಂಬಿಯ ಫ್ಲಾಪಿ ಹೊತ್ತು ತಿರುಗಿದ್ದವರಿಗೆ ಅದು ಐದು ಫ್ಲಾಪಿಗಿಂತ ಹೆಚ್ಚು. ಎಂ-ಸಿಸ್ಟಮ್ಸ್‌ಅನ್ನು 2006ರಲ್ಲಿ ಸ್ಯಾನ್‌ಡಿಸ್ಕ್ ಕೊಂಡುಕೊಂಡಿತು. ಆ ಸ್ಯಾನ್‌ಡಿಸ್ಕ್‌ನ ಎಂಜಿನಿಯರುಗಳು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೇ ಕೂತು ಮೆಮೊರಿಯ ಕೆಲಸ ಮಾಡಿದ್ದಾರೆ. ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರವೂ ಈ ನಗರದಲ್ಲಿದೆ. ಚಿಪ್ಪಿನ ಒಳಗುಟ್ಟು ಬಲ್ಲವರೂ ಸತ್ತ ಚಿಪ್ಪನ್ನು ಹಿಡಿದು ಅಂಗಡಿ ಅಂಗಡಿ ಅಲೆಯುವವರೂ ಒಂದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಊರಿದು.

ಆದರೂ ಇಲ್ಲಿನ ಐಟಿ ಪಾರ್ಕುಗಳಿಗೆ ಪೆನ್ ಡ್ರೈವ್ ಎಂದರೆ ಭಯ. ಅನೇಕ ಕಂಪನಿಗಳ ಗೇಟಿನಲ್ಲಿ ಸೆಕ್ಯುರಿಟಿಯವರು ಬ್ಯಾಗು ತೆರೆಸಿ ನೋಡಿದರು, ರಿಜಿಸ್ಟರಿನಲ್ಲಿ ಬರೆಸಿಕೊಂಡರು. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗಳನ್ನೇ ಬಂದ್ ಮಾಡಿಸಿದರು. ಹಾಗಾಗಿ ಪೆನ್ ಡ್ರೈವ್ ನಿಜವಾಗಿ ಬಾಳಿದ್ದು ಗೇಟಿನ ಹೊರಗೆ: ಪಿಜಿಗಳಲ್ಲಿ, ಸೈಬರ್ ಸೆಂಟರುಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಡಿಟಿಪಿ ಕೇಂದ್ರಗಳಲ್ಲಿ. ಕೈಯಿಂದ ಕೈಗೆ ಹೋದಷ್ಟೂ ವೈರಸ್ ಹತ್ತಿತು. ಫ್ಲಾಪಿ ಕಾಲದಲ್ಲೂ ಈ ಕಾಟ ಇತ್ತು. 1990ರಲ್ಲಿ ಭಾರತದಲ್ಲಿ ಪತ್ತೆಯಾದ 'ಜೋಶಿ' ವೈರಸ್ ಜನವರಿ 5ರಂದು ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡಿಸುತ್ತಿತ್ತು. ಪೆನ್ ಡ್ರೈವ್ ಕಾಲದ ವೈರಸ್‌ಗಳು ಫೋಲ್ಡರುಗಳನ್ನೆಲ್ಲ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತಿದ್ದವು. ಎಷ್ಟೋ ಜನ ಡೇಟಾ ಹೋಯಿತೆಂದು ಅತ್ತದ್ದು ಈ ಕಾರಣಕ್ಕೆ. 'ಅಟ್ರಿಬ್' ಎಂಬ ಒಂದು ಸಾಲಿನ ಆದೇಶ ಕೊಟ್ಟರೆ ಎಲ್ಲವೂ ಮರಳಿ ಕಾಣುತ್ತಿತ್ತು. ಸೈಬರ್ ಸೆಂಟರಿನ ಹುಡುಗರಿಗೆ ಅದು ಬಾಯಿಪಾಠ. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಪೆನ್ ಡ್ರೈವ್‌ಗಳ ಆಟೋರನ್ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಈ ಪೀಡೆಯ ಬಿರುಸು ತಗ್ಗಿತು.

ಇನ್ನು ನಿಜಕ್ಕೂ ಕೆಟ್ಟ ಪೆನ್ ಡ್ರೈವ್. ಬಿಚ್ಚಿದರೆ ಒಳಗೆ ಮುಖ್ಯವಾಗಿ ಕಾಣುವುದು ನಾಲ್ಕು: ಲೋಹದ ಪ್ಲಗ್, ಸಣ್ಣ ಕ್ರಿಸ್ಟಲ್, ಕಂಟ್ರೋಲರ್ ಚಿಪ್, ಮೆಮೊರಿ ಚಿಪ್. ಲ್ಯಾಪ್‌ಟಾಪಿಗೆ ಸಿಕ್ಕಿಸಿಟ್ಟಾಗ ಮೊಣಕೈ ತಾಗಿದರೆ ಪ್ಲಗ್ಗಿನ ಬೆಸುಗೆ ಬಿಡುತ್ತದೆ. ಅದನ್ನು ಮತ್ತೆ ಸೋಲ್ಡರ್ ಮಾಡಿದರೆ ಸಾಕು, ಒಳಗಿನದು ಹಾಗೇ ಸಿಗುತ್ತದೆ. ಸೋಲ್ಡರಿಂಗ್ ಈ ಸೀಮೆಗೆ ಹೊಸದೂ ಅಲ್ಲ. ದೂರವಾಣಿನಗರದ ಐಟಿಐ ಕಾರ್ಖಾನೆ 1948ರಿಂದ ಇದೆ, ಅತ್ತ ಎಚ್‌ಎಎಲ್ 1940ರಿಂದ. ಬೇಕಾದ ಬಿಡಿಭಾಗಕ್ಕೆ, ಹಾಟ್ ಏರ್ ಗನ್ನಿಗೆ, ಎಸ್.ಪಿ. ರಸ್ತೆ ಎಂದೇ ಎಲ್ಲರೂ ಕರೆಯುವ ಸಾದರ್ ಪತ್ರಪ್ಪ ರಸ್ತೆಯಿದೆ.

ಕಷ್ಟ ಶುರುವಾಗುವುದು ಕಂಟ್ರೋಲರ್ ಸತ್ತಾಗ. ಕಾರಣ ತಿಳಿಯಲು ಜಪಾನಿಗೆ ಹೋಗಬೇಕು. ತೋಷಿಬಾದ ಫುಜಿಯೊ ಮಸುಒಕ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನೂ 1987ರಲ್ಲಿ ಅದರ ನ್ಯಾಂಡ್ ಬಗೆಯನ್ನೂ ಲೋಕಕ್ಕೆ ತೋರಿಸಿದರು. ವಿದ್ಯುತ್ ಇಲ್ಲದಾಗಲೂ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಕೋಶಗಳ ಸಾಲು ಅದು. ಆದರೆ ಒಂದೊಂದು ಕೋಶಕ್ಕೂ ಆಯಸ್ಸಿದೆ. ಕೋಶಕ್ಕೆ ಒಂದೇ ಬಿಟ್ ಇಡುತ್ತಿದ್ದ ಹಳೆಯ ಚಿಪ್ಪುಗಳು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆದರೂ ತಾಳುತ್ತಿದ್ದವು. ಮೂರು ಬಿಟ್ ತುರುಕುವ ಅಗ್ಗದ ಚಿಪ್ಪುಗಳ ತಾಳಿಕೆ ಸಾವಿರದ ಆಸುಪಾಸಿಗೆ ಇಳಿಯಿತು. ಒಂದೇ ಜಾಗ ಸವೆಯದಿರಲೆಂದು ಕಂಟ್ರೋಲರ್ ಬರಹವನ್ನು ಚಿಪ್ಪಿನ ಉದ್ದಗಲಕ್ಕೆ ಹಂಚುತ್ತದೆ, ಯಾವುದು ಎಲ್ಲಿಗೆ ಹೋಯಿತೆಂದು ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ ಬಿಟ್ಟುಗಳನ್ನು ಒಂದು ಗುಪ್ತ ಮಾದರಿಯೊಂದಿಗೆ ಬೆರೆಸಿಯೂ ಇಡುತ್ತದೆ. ಅಂದರೆ ಫ್ಯಾಟ್ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ. ಅದು ಕೆಟ್ಟರೆ ಪೆನ್ ಡ್ರೈವ್ ಸೊನ್ನೆ ಬೈಟ್ ತೋರಿಸುತ್ತದೆ, ಅಥವಾ 'ಡಿಸ್ಕ್ ಹಾಕಿ' ಎನ್ನುತ್ತದೆ.

ಇಲ್ಲಿಂದ ಮುಂದಿನ ಕೆಲಸಕ್ಕೆ 'ಚಿಪ್ ಆಫ್' ಎನ್ನುತ್ತಾರೆ. ಹಾಟ್ ಏರ್‌ನಿಂದ 48 ಕಾಲಿನ ಮೆಮೊರಿ ಚಿಪ್ಪನ್ನು ಬೋರ್ಡಿನಿಂದ ಎಬ್ಬಿಸಿ, ರೀಡರಿಗೆ ಕೂರಿಸಿ, ಇದ್ದದ್ದನ್ನೆಲ್ಲ ಕಚ್ಚಾ ರೂಪದಲ್ಲಿ ಎಳೆದುಕೊಳ್ಳುವುದು; ಆಮೇಲೆ ತಪ್ಪು ತಿದ್ದಿ, ಬೆರಕೆ ಬಿಡಿಸಿ, ತುಂಡುಗಳನ್ನು ಕ್ರಮಕ್ಕೆ ಜೋಡಿಸುವುದು. ರಷ್ಯಾದ ಪಿಸಿ-3000 ಫ್ಲ್ಯಾಶ್, ಫ್ಲ್ಯಾಶ್ ಎಕ್ಸ್‌ಟ್ರ್ಯಾಕ್ಟರ್, ಪೋಲೆಂಡಿನ ರುಸೊಲುಟ್ ಕಂಪನಿಯ ಉಪಕರಣ, ಈ ಕೆಲಸಕ್ಕೆ ಲೋಕದಾದ್ಯಂತ ಪ್ರಸಿದ್ಧ. ಬಡಾವಣೆಯ ಸಣ್ಣ ಅಂಗಡಿಗೆ ಅವು ಎಟುಕುವ ಬೆಲೆಯವಲ್ಲ. ಆದ್ದರಿಂದ ಕಸುಬು ಎರಡಾಗಿ ಒಡೆಯಿತು. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೇ ಬರೆದು ಉಚಿತವಾಗಿ ಕೊಟ್ಟ ಟೆಸ್ಟ್‌ಡಿಸ್ಕ್, ಫೋಟೊರೆಕ್‌ಗಳಿಂದ ಆಗುವಷ್ಟು ಅಂಗಡಿಯಲ್ಲೇ ಆಗುತ್ತದೆ. ಅದಕ್ಕೆ ಮೀರಿದ್ದು ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತದೆ. ತನ್ನಿಂದಾಗದು ಎಂದು ಬೇಗ ಒಪ್ಪಿ ಮುಂದಕ್ಕೆ ಕಳಿಸುವವನೇ ಒಳ್ಳೆಯ ರಿಪೇರಿಯವನು. ಹತ್ತು ಸಲ ಸಿಕ್ಕಿಸಿ ನೋಡುವುದರಿಂದಲೇ ಹೆಚ್ಚು ಡೇಟಾ ಹಾಳಾಗುತ್ತದೆ.

ಉಗುರಿನಷ್ಟೇ ಇರುವ ಈಗಿನ ಪೆನ್ ಡ್ರೈವ್‌ಗಳಲ್ಲಿ ಕಂಟ್ರೋಲರೂ ಮೆಮೊರಿಯೂ ಒಂದೇ ಅಚ್ಚಿನೊಳಗೆ ಸೇರಿರುತ್ತವೆ. ಅಲ್ಲಿ ಎಬ್ಬಿಸಲು ಬೇರೆ ಚಿಪ್ಪೇ ಇಲ್ಲ. ಮೇಲಿನ ಲೇಪವನ್ನು ಕೆರೆದು, ಕಂಡ ತಾಮ್ರದ ಚುಕ್ಕೆಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆಯಬೇಕು.

ನೀರಿನ ವಿಷಯದಲ್ಲಿ ಮಾತ್ರ ಫ್ಲ್ಯಾಶ್ ಚಿಪ್ಪು ಗಟ್ಟಿ ಜೀವ. 2019ರಲ್ಲಿ ನ್ಯೂಜಿಲೆಂಡಿನ ನೀವಾ ಸಂಸ್ಥೆಯ ವಿಜ್ಞಾನಿಗಳಿಗಾಗಿ ಕೆಲಸ ಮಾಡುತ್ತಿದ್ದ ಸ್ವಯಂಸೇವಕರು ಲೆಪರ್ಡ್ ಸೀಲ್‌ನ ಮಲವನ್ನು ಕರಗಿಸಿ ಶೋಧಿಸುವಾಗ ಅದರಲ್ಲೊಂದು ಪೆನ್ ಡ್ರೈವ್ ಸಿಕ್ಕಿತು. ಆ ಮಾದರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಫ್ರೀಜರಿನಲ್ಲಿತ್ತು. ಒಣಗಿಸಿ ಹಾಕಿದರೆ ಸಮುದ್ರಸಿಂಹಗಳ ಫೋಟೋ, ವಿಡಿಯೊ ಎಲ್ಲ ತೆರೆದುಕೊಂಡವು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರುಗಳಲ್ಲಿ ಓಡಾಡಿದ ದಿನಗಳಲ್ಲೂ ಇದೇ ನಿಯಮ: ನೆನೆದ ಪೆನ್ ಡ್ರೈವ್ ಸಾಯುವುದು ನೀರಿನಿಂದಲ್ಲ, ಒದ್ದೆಯಿರುವಾಗಲೇ ವಿದ್ಯುತ್ ಹರಿಸುವ ಆತುರದಿಂದ.

ಪೊಲೀಸರೂ ಈ ಕಸುಬನ್ನು ಕಲಿಯಬೇಕಾಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮರುವರ್ಷವೇ ಬೆಂಗಳೂರಿನಲ್ಲಿ ಸಿಐಡಿಯ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅಂಗಡಿಯ ರಿಕವರಿಗೂ ಸಾಕ್ಷ್ಯಕ್ಕಾಗಿ ಮಾಡುವ ರಿಕವರಿಗೂ ದೊಡ್ಡ ಅಂತರವಿದೆ. ಸಾಕ್ಷ್ಯದ ಪೆನ್ ಡ್ರೈವ್‌ಗೆ ಒಂದು ಅಕ್ಷರವೂ ಹೊಸದಾಗಿ ಹೋಗದಂತೆ ತಡೆಯುವ ಸಾಧನ ಹಾಕಿ, ಪೂರ್ತಿ ಪ್ರತಿ ತೆಗೆದು, ಮೂಲಕ್ಕೂ ಪ್ರತಿಗೂ ಹ್ಯಾಶ್ ಅಂಕಿ ತಾಳೆ ನೋಡಬೇಕು. ಕೋರ್ಟಿಗೆ ಪ್ರಮಾಣಪತ್ರವೂ ಬೇಕು. ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ, 2024ರ ಜುಲೈ 1ರಿಂದ ಹೊಸ ಕಾನೂನಿನ 63ನೇ ಕಲಂ.

ಕನ್ನಡದ ಕಡತಕ್ಕೆ ಇಷ್ಟೆಲ್ಲ ಆದ ಮೇಲೂ ಇನ್ನೊಂದು ಬಾಗಿಲು ಉಳಿದಿರುತ್ತದೆ, ಮತ್ತು ಈ ಕಥೆಯಲ್ಲಿ ಹೆಚ್ಚು ಕಳವಳ ಹುಟ್ಟಿಸುವುದೂ ಅದೇ. ಶೇಷಾದ್ರಿವಾಸು ಅವರ ಕನ್ನಡ ಟೈಪಿಂಗ್ ತಂತ್ರಾಂಶ 'ಬರಹ' 1998ರಲ್ಲಿ ಬಂತು; ಕನ್ನಡ ಗಣಕ ಪರಿಷತ್ತಿನ 'ನುಡಿ', ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದೊಂದಿಗೆ, ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಕೇಂದ್ರಗಳಿಗೂ ಹಬ್ಬಿತು. ಆ ಕಾಲದ ಬಹುಪಾಲು ಕಡತಗಳು ಯೂನಿಕೋಡ್‌ನಲ್ಲಿಲ್ಲ. 'ಕನ್ನಡ' ಎಂದು ನುಡಿಯಲ್ಲಿ ಟೈಪ್ ಮಾಡಿದ್ದು ಡಿಸ್ಕಿನಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ ಎಂಬಂತೆ ಕೂತಿರುತ್ತದೆ. ಫಾಂಟ್ ಇದ್ದರಷ್ಟೇ ಅದು ಕನ್ನಡ. ಚಿಪ್ಪಿನಿಂದ ಎಳೆದ ಕಚ್ಚಾ ಬರಹದಲ್ಲಿ ಯೂನಿಕೋಡ್ ಕನ್ನಡವನ್ನು ಹುಡುಕುವುದು ಸುಲಭ. ಯುಟಿಎಫ್-8ರಲ್ಲಿ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್, ಮೊದಲೆರಡು ಸದಾ ಇ0 ಬಿ2 ಅಥವಾ ಇ0 ಬಿ3. ನುಡಿಯ ಕಡತಕ್ಕೆ ಅಂಥ ಗುರುತಿಲ್ಲ. ಕನ್ನಡ ಬಲ್ಲದ ತಂತ್ರಜ್ಞನ ಕಣ್ಣಿಗೆ ಅದು ಕೆಟ್ಟುಹೋದ ಕಸ. 'ಕರಪ್ಟ್ ಆಗಿದೆ' ಎಂದು ಪಕ್ಕಕ್ಕಿಟ್ಟುಬಿಡಬಹುದು.

ಅದನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿ ತಂತ್ರಜ್ಞರು ಬರೆದು ಹಂಚಿದ್ದಾರೆ. ಕೆಲಸ ಬರೀ ಅಕ್ಷರಕ್ಕೆ ಅಕ್ಷರ ಕೂಡಿಸುವಷ್ಟು ಸರಳವಲ್ಲ. ಹಳೆಯ ಫಾಂಟುಗಳು ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟವು. ಯೂನಿಕೋಡ್ ಇಡುವುದು ಉಚ್ಚರಿಸುವ ಕ್ರಮದಲ್ಲಿ. 'ಸೂರ್ಯ' ಎಂಬಲ್ಲಿ ನುಡಿ ಮೊದಲು ಯಕಾರವನ್ನೂ ಆಮೇಲೆ ಅರ್ಕಾವತ್ತನ್ನೂ ಬರೆಯುತ್ತದೆ; ಯೂನಿಕೋಡ್‌ಗೆ ರಕಾರ ಮುಂದೆ ಬರಬೇಕು. ಹಾಗಾಗಿ ಅರ್ಕಾವತ್ತು ಇರುವ ಪ್ರತಿ ಪದದಲ್ಲೂ ಪರಿವರ್ತಕ ಹಿಂದಕ್ಕೆ ನಡೆದು ರಕಾರವನ್ನು ಅದರ ಜಾಗಕ್ಕೆ ಕೂರಿಸಬೇಕು, ಬಳಿಕ ಕನ್ನಡ ಬಲ್ಲವರೊಬ್ಬರು ಕೂತು ಓದಿ ತಿದ್ದಬೇಕು. ಹಳೆಯ ಪೆನ್ ಡ್ರೈವ್‌ನಲ್ಲಿ ಇಂಥ ಕಡತ ಇಟ್ಟುಕೊಂಡವರು ಮೊದಲು ಇದ್ದಂತೆಯೇ ಒಂದು ಪ್ರತಿ ತೆಗೆದಿಟ್ಟು, ಆ ಪ್ರತಿಯ ಮೇಲೆ ಪರಿವರ್ತಕ ಓಡಿಸಿ, 'ಕರ್ನಾಟಕ' ಎಂಬ ಹೆಸರು ಸರಿಯಾಗಿ ಬಂದಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು. ಅರ್ಕಾವತ್ತು ಅದರಲ್ಲೇ ಇದೆ.