ಮಣಿ ಉಳಿತದ, ದಾರ ಉಳಿಯಂಗಿಲ್ಲ

ಮಣಿ ಪೋಣಿಸೋದಕ್ಕೂ ಇತಿಹಾಸ ಅದಾ ಅಂತ ಕೇಳೋರು ಭಾಳ ಮಂದಿ. ಕೋಟೆಗೆ ಅದ, ರಾಜರಿಗೆ ಅದ, 1858ರ ಸುರಪುರದ ಬಂಡಾಯಕ್ಕೆ ಅದ. ಮಣಿಗೆ ಎಲ್ಲಿಂದ ಬರಬೇಕು? ಯಾದಗಿರಿ, ಶಹಾಪುರ, ಸುರಪುರದ ಮನೆ ಮತ್ತು ತಾಂಡಾಗಳಲ್ಲಿ ಒಂದಷ್ಟು ದಿನ ಮಣಿ ಕೆಲಸ ನೋಡುತ್ತ ತಿರುಗಾಡಿದವನು ನಾನು. ಮಣಿಗೂ ಇತಿಹಾಸ ಉಂಟು, ಅದು ಕೋಟೆಗಿಂತ ಎಷ್ಟೋ ಹಳೆಯದು. ಆದರೆ ಅದರ ಅರ್ಧ ಭಾಗ ಮಾತ್ರ ನಮ್ಮ ಕೈಗೆ ಸಿಕ್ಕಿದೆ.

ಸುರಪುರದಿಂದ ತಿಂಥಣಿ ಹತ್ತಿರ ಕೃಷ್ಣೆ ದಾಟಿ, ಲಿಂಗಸುಗೂರು ಮೇಲೆ ಹಾಯ್ದು ಹೋದರೆ ಮಸ್ಕಿ. 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಊರು. 1954ರಲ್ಲಿ ಬಿ.ಕೆ. ಥಾಪರ್ ಅವರು ಅಲ್ಲಿ ಉತ್ಖನನ ಮಾಡಿದಾಗ ಮಣಿಗಳೂ ಸಿಕ್ಕವು. ಕೆಂಪು ಕಾರ್ನೀಲಿಯನ್, ಪಟ್ಟೆಪಟ್ಟೆ ಅಗೇಟ್, ಶಂಖ, ಗಾಜು. ಕಲ್ಲಿನ ಮಣಿ ಮಾಡೋದು ಹುಡುಗಾಟ ಅಲ್ಲ. ಕಲ್ಲು ಕಾಯಿಸಿ ಕೆಂಪೇರಿಸಬೇಕು, ಒಡೆದು ಉಜ್ಜಬೇಕು, ಎರಡೂ ಕಡೆಯಿಂದ ಕೊರೆದು ನಡುವೆ ತೂತು ಕೂಡಿಸಬೇಕು. ಅಷ್ಟು ಕಷ್ಟಪಟ್ಟ ಮಣಿ ಸಾವಿರಾರು ವರ್ಷ ಮಣ್ಣಲ್ಲಿದ್ದರೂ ಹೊಳಪು ಬಿಡಲಿಲ್ಲ. ಬಿಟ್ಟದ್ದು ದಾರ. ದಾರ ಕೊಳೆತ ಮೇಲೆ ಯಾವ ಮಣಿ ಮುಂದೆ, ಯಾವುದು ಹಿಂದೆ, ಎಷ್ಟು ಕೆಂಪಿಗೆ ಎಷ್ಟು ಬಿಳುಪು ಅನ್ನೋದು ಹೋಯಿತು. ವಸ್ತು ಮ್ಯೂಸಿಯಮ್ಮಿಗೆ ಬಂತು, ವಿನ್ಯಾಸ ಬರಲಿಲ್ಲ.

ವಿನ್ಯಾಸ ಅಂದರೆ ಬರೀ ಚಂದ ಅಂದ್ಕೋಬ್ಯಾಡ್ರಿ. ನಮ್ಮ ಕಡೆ ಮಣಿಯ ಸಾಲನ್ನು ಊರು ಓದುತ್ತಿತ್ತು. ಕರಿಮಣಿ ನಡುವೆ ಗುಳದಾಳಿ ಕಂಡರೆ ಮುತ್ತೈದೆ. ಬೋರಮಾಳ, ಅವಲಕ್ಕಿ ಸರ, ಹವಳದ ಸರ ಕಂಡರೆ ಮನೆತನದ ಅಂತಸ್ತು. ಇವನ್ನೆಲ್ಲ ರೇಶ್ಮೆ ದಾರದಲ್ಲಿ ಕಟ್ಟಿ ಗೊಂಡೆ ಬಿಡೋದು ಪಟವೇಗಾರರ ಕಸುಬು. ಅಕ್ಕಸಾಲಿಗನ ಹೆಸರು ಮನೆಮಂದಿಗೆ ನೆನಪಿರುತ್ತಿತ್ತು, ಪೋಣಿಸಿದವನದ್ದು ಇರುತ್ತಿರಲಿಲ್ಲ.

ಇದೇ ಓದು ಒಂದು ಕಡೆ ಘೋರವೂ ಆಯಿತು. ಕೆಂಪು–ಬಿಳಿ ಮಣಿಯ ಸರಕ್ಕೆ ‘ಮುತ್ತು’ ಅಂತ ಹೆಸರು. ಸಣ್ಣ ಹುಡುಗಿಯ ಕೊರಳಿಗೆ ಅದನ್ನು ಕಟ್ಟಿದರೆ ಅವಳು ದೇವರಿಗೆ ಬಿಟ್ಟವಳು, ದೇವದಾಸಿ. 1982ರ ಕಾಯ್ದೆ ಈ ಸಮರ್ಪಣೆಯನ್ನು ಅಪರಾಧ ಅಂದಿತು. ಅಂಗಡಿಯಲ್ಲಿ ರೂಪಾಯಿಗೆ ಹಿಡಿ ಸಿಗುತ್ತಿದ್ದ ಮಣಿ ಒಂದು ಜೀವವನ್ನೇ ಕಟ್ಟಿಹಾಕುತ್ತಿತ್ತು ಅಂದರೆ, ಮಣಿಯ ಸಾಲಿಗೆ ಎಂಥ ಬಲ ಇತ್ತು ಲೆಕ್ಕ ಹಾಕ್ರಿ.

ಈ ಭಾಷೆಯನ್ನು ಎಲ್ಲರಿಗಿಂತ ವಿಸ್ತಾರವಾಗಿ ಬರೆದವರು ಲಂಬಾಣಿ ಹೆಣ್ಣುಮಕ್ಕಳು. ಕಾಂಚಳಿ, ಫೇಟಿಯಾ ಮೇಲೆ ಕನ್ನಡಿ, ಕವಡೆ, ಮಣಿ, ತೂತು ಹೊಡೆದ ಹಳೇ ನಾಣ್ಯ. ಕೆನ್ನೆಯ ಎರಡೂ ಕಡೆ ಇಳಿಬಿದ್ದ ಘುಗರಿ ನೋಡಿದರೆ ಮದುವೆಯಾದವಳು ಅಂತ ದೂರದಿಂದಲೇ ಗೊತ್ತು. ಅವರ ಹಿರಿಯರು ಎತ್ತಿನ ಹಿಂಡಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ದಖ್ಖನ್ನಿನ ಸೈನ್ಯಗಳಿಗೆ ಮುಟ್ಟಿಸುತ್ತಿದ್ದರು. ಕವಡೆ ಒಂದು ಕಾಲಕ್ಕೆ ಚಿಲ್ಲರೆ ಹಣ. ಅಂದರೆ ದುಡ್ಡನ್ನೇ ಬಟ್ಟೆಗೆ ಹೊಲಿದುಕೊಂಡು ನಡೆದ ಜನ. 1871ರಲ್ಲಿ ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ದಾರಿಗಳು ರಾಯಚೂರಿನಲ್ಲಿ ಕೂಡಿದವು, ಯಾದಗಿರಿಗೂ ರೈಲು ಬಂತು. ಎತ್ತಿನ ಹೇರಿಗೆ ಇನ್ನು ಯಾರು ಕಾಯಬೇಕು? ಊರೂರು ತಿರುಗುತ್ತಿದ್ದವರು ತಾಂಡಾಗಳಲ್ಲಿ ನೆಲೆ ನಿಂತರು. ದಾರಿ ತಪ್ಪಿತು, ಹೊಲಿಗೆ ಉಳಿಯಿತು.

ಊರೊಳಗಿನ ಮನೆಗಳಲ್ಲಿ ಇನ್ನೊಂದು ಧಾರೆ. ಬಾಗಿಲ ತೋರಣ, ಮಣಿಯ ಗಿಳಿ, ಆನೆ, ತೆಂಗಿನಕಾಯಿಗೆ ಮಣಿಯ ಅಂಗಿ. ಮದುವಿ ರುಖವತದಾಗ ಇವನ್ನು ಸಾಲಾಗಿ ಇಟ್ಟರೆ ಬೀಗರ ಕಡೆಯ ಹೆಣ್ಣುಮಕ್ಕಳು ಮುಟ್ಟಿ, ತಿರುಗಿಸಿ, ಗಂಟು ಎಲ್ಲಿದೆ ಅಂತ ಹುಡುಕುತ್ತಿದ್ದರು. ನಿಜವಾದ ಸ್ಪರ್ಧೆ ಅದೇ, ಬಹುಮಾನ ಒಂದಿಲ್ಲ ಅಷ್ಟೆ. ಕಲಿಯೋ ರೀತಿ ಹೀಗೆ: ದಾರದ ಎರಡೂ ತುದಿಗೆ ಸೂಜಿ. ಮೂರು ಮಣಿ ಏರಿಸಿ, ನಾಲ್ಕನೆಯದರಲ್ಲಿ ಎರಡೂ ಸೂಜಿ ಎದುರುಬದುರು ಹಾಯಿಸಿ ಎಳೆದರೆ ಒಂದು ಚೌಕ. ಚೌಕಕ್ಕೆ ಚೌಕ ಕೂಡಿಸಿದರೆ ಗಿಳಿ. ಲೆಕ್ಕ ಒಂದು ತಪ್ಪಿದರೆ ಗಿಳಿಯ ಕೊಕ್ಕು ಬೆನ್ನಿಗೆ ಬರ್ತದ! ಈ ಲೆಕ್ಕ ಇರುತ್ತಿದ್ದದ್ದು ಬಾಯಲ್ಲಿ. ಹೆಚ್ಚಂದ್ರ ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ. ಮಗ ಪಾಸಾದ, ನೋಟ್‌ಬುಕ್ ರದ್ದಿಗೆ ಹೋಯಿತು.

ಗಾಜಿನ ಮಣಿಯ ಊರು ಮಾತ್ರ ಬದಲಾಗುತ್ತಲೇ ಬಂದಿದೆ. ಬ್ರಿಟಿಷರ ಕಾಲಕ್ಕೆ ಬೊಹೇಮಿಯಾದ ಯಾಬ್ಲೊನೆಟ್ಸ್ ಕಡೆಯಿಂದ ಭಾರತಕ್ಕೆ ಮಣಿ, ಬಳೆ ಹಡಗಿನಲ್ಲಿ ಬರುತ್ತಿದ್ದವು. ನಮ್ಮಲ್ಲೇ ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಗಾಜಿನ ಕೊಳವೆ ಎಳೆದು ಕತ್ತರಿಸಿ ಮಣಿ ಮಾಡುವ ಹಳೇ ವಿದ್ಯೆ ಇತ್ತು. ಉತ್ತರ ಪ್ರದೇಶದ ಪುರ್ದಿಲ್‌ನಗರದ ಮಣಿಗಳೂ ದೇಶವೆಲ್ಲ ಹರಡಿದವು. ಈಗ ಹವ್ಯಾಸಿಗಳಿಗೆ ಜಪಾನಿನ ಮಿಯುಕಿ ಬೇಕು. ಒಂದೊಂದೂ ಒಂದೇ ಅಳತೆ, ಇಟ್ಟಿಗೆ ಜೋಡಿಸಿದಂತೆ ಕೂಡುತ್ತದೆ. ಅದಕ್ಕೇ ಜಗತ್ತಿನ ಮಣಿ ನೇಯ್ಗೆ ಸ್ಪರ್ಧೆಗಳಲ್ಲಿ ಅದರ ದರ್ಬಾರು.

ಆ ಗಾಳಿ ನಮ್ಮ ಕಡೆಗೂ ಬೀಸಿದೆ. ಸಂಕ್ರಾಂತಿ ಹೊತ್ತಿಗೆ ಒಂದು ಮಹಿಳಾ ಕಾರ್ಯಕ್ರಮದಲ್ಲಿ ಮಣಿಹಾರದ ಸ್ಪರ್ಧೆಗೆ ನನ್ನನ್ನೂ ತೀರ್ಪಿಗೆ ಕೂರಿಸಿದ್ದರು. ನಿಯಮ: ‘ವಿನ್ಯಾಸ ಸ್ವಂತದ್ದಾಗಿರಬೇಕು’. ತಾಂಡಾದ ಹುಡುಗಿಯೊಬ್ಬಳು ಕವಡೆ ಸೇರಿಸಿ, ಮುಕ್ಕೋನ ಮುಕ್ಕೋನವಾಗಿ ನೇಯ್ದ ಹಾರ ತಂದಿದ್ದಳು. ಜೊತೆಯ ತೀರ್ಪುಗಾರರು, “ಇದು ಹಳೇ ಸಂಪ್ರದಾಯ, ಸ್ವಂತದ್ದಲ್ಲ” ಅಂತ ಬದಿಗಿಟ್ಟರು. ಬಹುಮಾನ ಹೋದದ್ದು ಮೊಬೈಲಿನ ವಿಡಿಯೋ ನೋಡಿ ಮಾಡಿದ ಹಾರಕ್ಕೆ. ನಾನು ವಾದ ಮಾಡಿದೆ, ನಡೀಲಿಲ್ಲ. ಆಮೇಲೆ ಹುಡುಗಿಯನ್ನು ಕೇಳಿದೆ, “ಇದು ಯಾರು ಕಲಿಸಿದ್ದವ್ವಾ?”

“ನಮ್ಮ ಯಾಡಿ ಕಲಿಸಿದ್ದು ರೀ. ಯಾಡೀಗಿ ಅವರ ಯಾಡಿ. ಮೂರನೇ ಸಾಲು ಅಷ್ಟ ನಂದು.”

ಮೂರನೇ ಸಾಲು ನಂದು. ಸಂಪ್ರದಾಯ ಬೆಳೆಯೋದು ಹೀಗೆಯೇ ಅಲ್ಲವೇ? ಎರಡು ಸಾಲು ಹಿರಿಯರದ್ದು, ಒಂದು ಸಾಲು ತನ್ನದು. ನಾವು ಹಳೇದು ಅಂತ ಪಕ್ಕಕ್ಕೆ ಸರಿಸಿದ್ದನ್ನು ಬೇರೆಯವರು ದುಡ್ಡು ಕೊಟ್ಟು ಕೊಂಡು ದಿಂಬಿನ ಚೀಲ ಮಾಡುತ್ತಾರೆ, ಅದೂ ಅವಳ ಹೆಸರಿಲ್ಲದೆ.

ಹೆಸರು ಸಿಕ್ಕರೆ ಏನಾಗುತ್ತದೆ ಅನ್ನೋದಕ್ಕೆ ಸಂಡೂರು ಇದೆ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ 1,755 ವಸ್ತುಗಳು ಗಿನ್ನೆಸ್ ದಾಖಲೆ ಮಾಡಿದವು. ನಮ್ಮ ಜಿಲ್ಲೆಯ ತಾಂಡಾಗಳಲ್ಲೂ ಕೈಗೇನು ಕಮ್ಮಿ ಇಲ್ಲ. ಆದರೆ ಆ ಕೈಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿ ಸಿಮೆಂಟು ಬುಟ್ಟಿ ಹೊರುತ್ತಿವೆ. ಸೂಜಿ ಹಿಡಿಯಲು ಪುರಸತ್ತಿಲ್ಲ, ಮಗಳಿಗೆ ಕಲಿಸಲು ಮಗಳು ಹತ್ತಿರ ಇಲ್ಲ.

ಅದಕ್ಕೇ ಸ್ಪರ್ಧೆ ನಡೆಸೋರಿಗೆ ನನ್ನದೊಂದು ಸಣ್ಣ ಕೇಳಿಕೆ. ಸ್ಪರ್ಧೆ ಬ್ಯಾಡ ಅನ್ನಂಗಿಲ್ಲ, ನಡೀಲಿ. ಅರ್ಜಿಯಲ್ಲಿ ‘ಸ್ವಂತ ವಿನ್ಯಾಸವೇ?’ ಅನ್ನೋ ಪ್ರಶ್ನೆ ತೆಗೆದು ಮೂರು ಸಾಲು ಹಾಕ್ರಿ: ಯಾರಿಂದ ಕಲಿತಿರಿ? ಅವರ ಊರು ಯಾವುದು? ನೀವು ಬದಲಿಸಿದ್ದು ಏನು? ಪ್ರತಿ ಹಾರದ ಲೆಕ್ಕವನ್ನು ಚೌಕಳಿ ಹಾಳೆ ಮೇಲೆ ಬರೆಸಿ ಇಟ್ಟುಕೊಳ್ರಿ, ರದ್ದಿಗೆ ಹಾಕಬ್ಯಾಡ್ರಿ. ನಮ್ಮ ಮನೆಗಳಲ್ಲೂ ಅಷ್ಟೆ. ತೋರಣ ಹರಿದಾಗ ಮಣಿ ಬಳಿದು ಡಬ್ಬಿಗೆ ಸುರಿಯೋ ಮೊದಲು ಒಂದು ಫೋಟೋ ತೆಗೆದು, ಹಿಂದೆ ಅಜ್ಜಿಯ ಹೆಸರು ಬರೀರಿ. ದಾರ ಇನ್ನೂ ಗಟ್ಟಿ ಇರುವಾಗಲೇ ಆಗಬೇಕಾದ ಕೆಲಸ ಇದು.